ಹೆಬ್ಬೆರಳು ಮುಟ್ಟದ ಫೋಟೋ

"ಈ ಫೋಟೋ ನನ್ನ ತಂಗಿ ತೆಗೆದದ್ದಲ್ಲ," ಎಂದಳು ತಿರುಪಕ್ಕ.

ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡ. ಮಧ್ಯಾಹ್ನ ಎರಡಕ್ಕೆ ಹತ್ತು ನಿಮಿಷ. ಮ್ಯೂಸಿಯಮ್ಮಿನ ಮೇಲಂತಸ್ತಿನ ಹಜಾರದಲ್ಲಿ ಇಬ್ಬರು ಕೆಲಸಗಾರರು ಏಣಿ ಹತ್ತಿ ಕಿಟಕಿಗಳ ಸಂದಿಗೆ ಅಗಲವಾದ ಟೇಪು ಮೆತ್ತುತ್ತಿದ್ದರು. ಪ್ರತಿ ಸಲ ಟೇಪು ಸುರುಳಿಯಿಂದ ಕಿತ್ತು ಬಂದಾಗಲೂ ಚರ್ಮ ಸುಲಿದಂಥ ಸದ್ದು. ಗಾಜಿನ ಪೆಟ್ಟಿಗೆಗಳೊಳಗೆ ಜಿಂಕೆ, ಕರಡಿ, ಗೂಬೆ, ನೀರುನಾಯಿಗಳು ಬಿಟ್ಟ ಕಣ್ಣು ಬಿಟ್ಟಂತೆಯೇ ನಿಂತಿದ್ದವು.

ನಿನ್ನೆ ಬೆಳಿಗ್ಗೆ ಇವುಗಳ ಫೋಟೋ ತೆಗೆಯಲೆಂದು ಒಳಗೆ ಬಂದ ತಂಗಿ ಮನೆಗೆ ಮರಳಿರಲಿಲ್ಲ. ಅವಳ ಕ್ಯಾಮೆರಾ ಮಾತ್ರ ಕಟ್ಟಡದ ಹಿಂದಿನ ಗಲ್ಲಿಯ ಕಟ್ಟೆಯ ಮೇಲೆ ಸಿಕ್ಕಿತ್ತು. ಅದರಲ್ಲಿದ್ದ ಕೊನೆಯ ಫೋಟೋ ಅದೇ ಗಲ್ಲಿಯ ಗೇಟಿನದು, ಸಮಯ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಅವಳು ಹೊರಗೆ ಹೋದಳು ಎನ್ನುವುದಕ್ಕೆ ಪೊಲೀಸರಿಗೆ ಅಷ್ಟೇ ಸಾಕಾಗಿತ್ತು. ಬಸ್ ನಿಲ್ದಾಣ, ಆಸ್ಪತ್ರೆ, ಹೊಳೆಯ ದಂಡೆ ಎಲ್ಲವನ್ನೂ ಜಾಲಾಡುತ್ತಿದ್ದರು. ಈ ಕಟ್ಟಡವನ್ನು ಮಾತ್ರ ಯಾರೂ ಹುಡುಕಿರಲಿಲ್ಲ.

ಮೂರು ಗಂಟೆಗೆ ಇಲ್ಲಿಗೆ ವಿಷದ ಗ್ಯಾಸು ಬಿಡುವವರಿದ್ದರು. ಹಳೆಯ ತೊಗಲುಗಳಿಗೆ ಹುಳು ಬಿದ್ದಿತ್ತು. ಗ್ಯಾಸು ಬಿಟ್ಟ ಮೇಲೆ ನಾಲ್ಕು ದಿನ ಎಲ್ಲ ಬಾಗಿಲೂ ಬಂದ್. ತಂಗಿ ಒಳಗೇ ಇದ್ದರೆ ಹುಳುಗಳ ಜೊತೆ ಅವಳೂ ಹೋಗುತ್ತಾಳೆ ಎನ್ನುವುದು ನೆನಪಾದಾಗಲೆಲ್ಲ ತಿರುಪಕ್ಕನ ಜೀವ ಬಾಯಿಗೆ ಬರುತ್ತಿತ್ತು.

ಕ್ಯಾಮೆರಾ ರಿಪೇರಿ ಅವಳ ಕಸುಬು. ಸಾಸಿವೆ ಗಾತ್ರದ ತಿರುಪುಗಳ ಜೊತೆ ಇಪ್ಪತ್ತೆಂಟು ವರ್ಷ ಕಳೆದವಳಿಗೆ ಬೀದಿಯವರು ಇಟ್ಟ ಹೆಸರು ಅದು. ಯಾವ ಲೆನ್ಸನ್ನಾದರೂ ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವಳು, ಆದರೆ ನೆಟ್ಟಗೆ ಒಂದು ಫೋಟೋ ತೆಗೆದವಳಲ್ಲ. ತಂಗಿಗೂ ಅವಳಿಗೂ ಹದಿನೇಳು ವರ್ಷದ ಅಂತರ. ತಂಗಿ ಎನ್ನುವುದು ಹೆಸರಿಗೆ, ಎತ್ತಿ ಆಡಿಸಿ ಬೆಳೆಸಿದ್ದು ಮಗಳ ಹಾಗೆ.

"ಸ್ವಲ್ಪ ಬಿಡಿಸಿ ಹೇಳಿ," ಎಂದ ಇನ್‌ಸ್ಪೆಕ್ಟರ್. "ಫೋಟೋದ ಮೇಲೆ ಹೆಸರು ಬರೆದಿರುತ್ತಾ, ಇದು ಇಂಥವರು ತೆಗೆದದ್ದು ಅಂತ?"

"ಬರೆದಿದೆ. ಓದೋಕೆ ಬರಬೇಕು ಅಷ್ಟೆ."

ಹಜಾರದ ಬಾಗಿಲ ಬಳಿ ನಿಂತಿದ್ದ ಕ್ಯುರೇಟರ್ ಮೆಲ್ಲನೆ ಹತ್ತಿರ ಬಂದರು. ಈ ಮ್ಯೂಸಿಯಮ್ಮಿಗೆ ಅವರೇ ಯಜಮಾನರು. ಇಸ್ತ್ರಿ ಮುರಿಯದ ಅಂಗಿ, ಕೊರಳಲ್ಲಿ ಜೋತುಬಿದ್ದ ಗ್ಯಾಸಿನ ಮುಖವಾಡ, ಮುಖದಲ್ಲಿ ಮರುಕ. ಬೆಳಗಿನಿಂದ ಅವರು ತಿರುಪಕ್ಕನಿಗೆ ಮೂರು ಸಲ ಕುರ್ಚಿ ಹಾಕಿಸಿದ್ದರು.

"ಎಲ್ಲರ ಕ್ಯಾಮೆರಾದಲ್ಲಿ ತೋರುಬೆರಳಿನ ಗುಂಡಿ ಅರ್ಧ ಒತ್ತಿದರೆ ಫೋಕಸ್ ಆಗುತ್ತೆ, ಪೂರ್ತಿ ಒತ್ತಿದರೆ ಫೋಟೋ ಬೀಳುತ್ತೆ," ಎಂದಳು ತಿರುಪಕ್ಕ. "ಇದರಲ್ಲಿ ಹಾಗಲ್ಲ. ಫೋಕಸ್ ಕೆಲಸ ಕ್ಯಾಮೆರಾದ ಬೆನ್ನಿನ ಮೇಲಿರೋ ಈ ಗುಂಡಿಗೆ. ಹೆಬ್ಬೆರಳಲ್ಲಿ ಒತ್ತಬೇಕು. ಅವಳು ಕೇಳಿದಳು ಅಂತ ನಾನೇ ಕೂತು ಬದಲಾಯಿಸಿಕೊಟ್ಟೆ."

"ಮತ್ತೆ ಮುಂದಿನ ಗುಂಡಿ?"

"ಅದನ್ನ ಅರ್ಧ ಒತ್ತಿ ಹಿಡಿದರೆ ಲೆನ್ಸು ಕೈನಡುಕ ತಡೆಯುತ್ತೆ. ಒಳಗೆ ಒಂದು ಗಾಜು ತೇಲುತ್ತಾ ಇರುತ್ತೆ, ನಿಮ್ಮ ಕೈ ಅತ್ತ ಹೋದರೆ ಅದು ಇತ್ತ ಬರುತ್ತೆ. ಆದರೆ ಬೆನ್ನಿನ ಗುಂಡಿ ಒತ್ತಿದರೆ ಆ ಗಾಜು ಕೆಲಸಕ್ಕೆ ಇಳಿಯಲ್ಲ. ಹೆಬ್ಬೆರಳು ಫೋಕಸ್ಸಿಗೆ, ತೋರುಬೆರಳು ನಡುಕಕ್ಕೆ. ಎರಡೂ ಸೇರಿದರೇನೇ ಈ ಕತ್ತಲ ಮನೆಯಲ್ಲಿ ಫೋಟೋ ಬರೋದು. ಇಲ್ಲಿ ಮೂರುಕಾಲಿನ ಸ್ಟ್ಯಾಂಡ್ ಇಡೋಕೆ ಬಿಡಲ್ಲವಲ್ಲ."

"ಗಾಜಿಗೆ ತಾಗುತ್ತೆ ಅಂತ," ಎಂದರು ಕ್ಯುರೇಟರ್ ತಪ್ಪೊಪ್ಪಿಕೊಳ್ಳುವಂತೆ.

ತಿರುಪಕ್ಕ ಕ್ಯಾಮೆರಾದ ಪರದೆಯ ಮೇಲೆ ಗೇಟಿನ ಫೋಟೋವನ್ನು ದೊಡ್ಡದು ಮಾಡಿದಳು. ಸೂರು ಹೊದ್ದ ಗಲ್ಲಿ ಅದು, ಹಗಲಲ್ಲೂ ಮಬ್ಬು. ಗೇಟು ಕರಗಿದಂತಿತ್ತು. ಆದರೆ ಫೋಟೋದ ಅಂಚಿನಲ್ಲಿ, ತೆಗೆದವರ ಪಕ್ಕದಲ್ಲೇ ಇದ್ದ ಕಬ್ಬಿಣದ ಕಂಬಿ ಮಾತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ತುಕ್ಕಿನ ಒಂದೊಂದು ಹೊಪ್ಪಳೆಯನ್ನೂ ಎಣಿಸುವ ಹಾಗಿತ್ತು.

"ಗೇಟಿನ ಫೋಟೋ ತೆಗೆಯೋರು ಗೇಟಿಗೆ ಫೋಕಸ್ ಮಾಡ್ತಾರೆ. ಇವರು ಮಾಡಿಲ್ಲ. ಹೆಬ್ಬೆರಳು ಮುಟ್ಟೇ ಇಲ್ಲ. ನನ್ನ ತಂಗಿ ಹೆಬ್ಬೆರಳು ಕೊನೆಯ ಸಲ ಎಲ್ಲಿ ಬಿಟ್ಟಿತ್ತೋ ಫೋಕಸ್ ಅಲ್ಲೇ ನಿಂತಿದೆ. ಇಲ್ಲಿ ನೋಡಿ."

ಲೆನ್ಸಿನ ಮೇಲಿನ ಪುಟ್ಟ ಕಿಟಕಿಯಲ್ಲಿ ಅಳತೆಯ ಗೆರೆ ಕಾಣುತ್ತಿತ್ತು. ಒಂದೂಕಾಲು ಮೀಟರು.

"ಈ ಹಜಾರದಲ್ಲಿ ಪ್ರತಿ ಪ್ರಾಣಿಯ ಮುಂದೂ ಹಗ್ಗ ಕಟ್ಟಿದ್ದೀರಿ. ಯಾವುದಕ್ಕೂ ಮೂರು ಮೀಟರಿಗಿಂತ ಹತ್ತಿರ ಹೋಗೋಕಾಗಲ್ಲ. ಹಾಗಾದರೆ ಒಂದೂಕಾಲು ಮೀಟರಿನಲ್ಲಿ ಅವಳು ನೋಡಿದ್ದು ಏನನ್ನ? ಆ ಫೋಟೋ ಎಲ್ಲಿ? ನಾನ್ನೂರ ಹದಿನೇಳು ಇದೆ, ನಾನ್ನೂರ ಹತ್ತೊಂಬತ್ತು ಈ ಗೇಟು. ಮಧ್ಯದ್ದನ್ನ ಯಾರೋ ಅಳಿಸಿದ್ದಾರೆ. ಅದಕ್ಕೇ ಹೇಳ್ತಿದ್ದೀನಿ, ಆ ಬೆನ್ನಿನ ಗುಂಡಿ ಯಾರೂ ಮುಟ್ಟಬೇಡಿ. ಒತ್ತಿದರೆ ಗೆರೆ ಸರಿದುಬಿಡುತ್ತೆ. ಇರೋದು ಅದೊಂದೇ ಸಾಕ್ಷಿ."

ಇನ್‌ಸ್ಪೆಕ್ಟರ್ ಮೀಸೆ ಉಜ್ಜಿಕೊಂಡ. "ಮಸುಕು ಫೋಟೋ ನಾನೂ ತೆಗೀತೀನಿ, ಅಮ್ಮ. ನಮ್ಮ ಮನೆಯವಳನ್ನ ಕೇಳಿ."

"ತೆಗೀರಿ. ಮುಂದಿನ ಗುಂಡಿ ಮಾತ್ರ."

ಅವನು ಕ್ಯಾಮೆರಾವನ್ನು ಇಟ್ಟಿಗೆ ಹಿಡಿದಂತೆ ಎರಡೂ ಪಕ್ಕ ಹಿಡಿದು, ಜಿಂಕೆಯ ಕಡೆ ತಿರುಗಿಸಿ, ಒಂದೇ ಏಟಿಗೆ ಗುಂಡಿ ಒತ್ತಿದ. ಜಿಂಕೆ ಮಸುಕಾಗಿ ಬಂದದ್ದಷ್ಟೇ ಅಲ್ಲ, ಮೂರು ಜಿಂಕೆ ಒಂದರ ಮೇಲೊಂದು ಬಿದ್ದಂತೆ ಅಲುಗಿಯೂ ಇತ್ತು.

"ಇದು ನೋಡಿ ವ್ಯತ್ಯಾಸ," ಎಂದಳು ತಿರುಪಕ್ಕ. "ನೀವು ಕಾಯಲಿಲ್ಲ, ಲೆನ್ಸಿಗೆ ಸುಧಾರಿಸಿಕೊಳ್ಳೋಕೆ ಬಿಡಲಿಲ್ಲ. ಗೇಟಿನ ಫೋಟೋನೂ ಇದೇ ವೇಗದಲ್ಲಿ ತೆಗೆದದ್ದು, ಸೆಕೆಂಡಿನ ಎಂಟನೇ ಒಂದು ಭಾಗ. ಅದರಲ್ಲಿ ಕಂಬಿ ಕೂದಲೆಳೆಯಷ್ಟೂ ಅಲುಗಿಲ್ಲ. ತೆಗೆದವರು ಅರ್ಧ ಒತ್ತಿ, ಉಸಿರು ಬಿಟ್ಟು, ಚಿತ್ರ ನಿಲ್ಲೋ ತನಕ ಕಾದಿದ್ದಾರೆ. ಅಷ್ಟು ಗೊತ್ತಿದ್ದವರು ಹೆಬ್ಬೆರಳನ್ನ ಯಾಕೆ ಬಿಟ್ಟರು?"

ಇನ್‌ಸ್ಪೆಕ್ಟರನ ಮುಖದಲ್ಲಿದ್ದ ತಮಾಷೆ ಇಳಿಯಿತು. ಅವನು ಕ್ಯಾಮೆರಾವನ್ನು ಕ್ಯುರೇಟರ್ ಕಡೆ ಚಾಚಿದ. "ನೀವೂ ಒಂದು ಕೈ ನೋಡಿಬಿಡಿ ಸಾರ್. ಸಂಶಯ ಅಂತಲ್ಲ, ಸುಮ್ಮನೆ."

"ನನಗೆ ಇವೆಲ್ಲ ಬರಲ್ಲ," ಎಂದು ಕ್ಯುರೇಟರ್ ಸಂಕೋಚದಿಂದ ನಕ್ಕರು. ಎಡಗೈಯನ್ನು ಲೆನ್ಸಿನ ಅಡಿಗೆ ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿಕೊಂಡು, ಗೂಬೆಯ ಕಡೆ ನೋಡಿ ಟಪ್ಪನೆ ಗುಂಡಿ ಅದುಮಿದರು. ಗೂಬೆ ಮಸುಕಾಗಿ, ಅಲುಗಿ, ಬೂದಿ ಗುಡ್ಡೆಯಂತೆ ಬಂತು. ಇನ್‌ಸ್ಪೆಕ್ಟರ್ ನಕ್ಕ. ತಿರುಪಕ್ಕನಿಗೆ ನಗು ಬರಲಿಲ್ಲ.

"ಅವಳಿಂದ ಇದನ್ನ ಕಲಿತವರು ಇಲ್ಲಿ ಇನ್ಯಾರಿದ್ದಾರೆ?" ಎಂದು ಕೇಳಿದಳು.

ಕ್ಯುರೇಟರ್ ಹೇಳಲೋ ಬೇಡವೋ ಎಂದು ತಡವರಿಸಿದರು. "ನಮ್ಮ ಹತ್ತಿಮಾಮ ಅವಳ ಹಿಂದೆ ಹಿಂದೆ ಓಡಾಡುತ್ತಿದ್ದ. ಆದರೆ ಪಾಪ, ಅವನ ಬಗ್ಗೆ ಏನೂ ಹೇಳೋಕೆ ನನಗೆ ಇಷ್ಟ ಇಲ್ಲ."

* * *

ಸತ್ತ ಪ್ರಾಣಿಗಳ ತೊಗಲಿಗೆ ಹತ್ತಿ ತುಂಬಿ ನಿಲ್ಲಿಸುವವನು ಹತ್ತಿಮಾಮ. ಕೆಳಗಿನ ನೆಲಮಾಳಿಗೆಯಲ್ಲಿ ಅವನ ಕೆಲಸದ ಕೋಣೆ. ಅರವತ್ತರ ಮೇಲಾದ ಸಣಕಲು ಮನುಷ್ಯ, ಮೈಯಿಂದ ಕರ್ಪೂರದಂಥ ಘಾಟು. ಕರೆದ ಕೂಡಲೇ ಬಂದ. ಬಲಗೈ ಮಾತ್ರ ನಿಲುವಂಗಿಯ ಜೇಬಿನಲ್ಲೇ ಇತ್ತು.

"ಪುಟ್ಟಿ ಸಿಕ್ಕಿದಳಾ?" ಎಂದು ಮೊದಲು ಅವನೇ ಕೇಳಿದ.

ತಂಗಿಯನ್ನು ಅವನು ಪುಟ್ಟಿ ಎಂದದ್ದು ಕೇಳಿ ತಿರುಪಕ್ಕನ ಮೈ ಉರಿಯಿತು. "ಅವಳು ನಿಮಗೆ ಕ್ಯಾಮೆರಾ ಹಿಡಿಯೋದು ಹೇಳಿಕೊಟ್ಟಿದ್ದಳಂತೆ."

"ಹೂಂ. ಅರ್ಧ ಒತ್ತು ಮಾಮ, ಉಸಿರು ಬಿಡು, ಅದು ನಿಂತಿತು ಅಂದಮೇಲೆ ಪೂರ್ತಿ ಒತ್ತು ಅಂತಿದ್ದಳು. ಮೂವತ್ತು ವರ್ಷದಿಂದ ಇವುಗಳ ಹೊಟ್ಟೆ ತುಂಬಿಸ್ತಿದ್ದೀನಿ, ಒಂದೂ ನನ್ನ ಜೊತೆ ಮಾತಾಡಿಲ್ಲ. ಅವಳು ಬಂದ ಮೇಲೆ ಈ ಮನೇಲಿ ಮಾತು ಅಂತ ಕೇಳಿಸಿದ್ದು."

"ಹೆಬ್ಬೆರಳಿನ ಗುಂಡಿ ಹೇಳಿಕೊಡಲಿಲ್ವಾ?"

"ಅದೂ ಹೇಳಿಕೊಟ್ಟಳು."

"ಹಾಗಾದರೆ ಕೈ ತೋರಿಸಿ."

ಹತ್ತಿಮಾಮ ಅಲುಗಲಿಲ್ಲ. ಏಣಿಯ ಮೇಲಿದ್ದವರು ಕೂಡ ಕೆಲಸ ನಿಲ್ಲಿಸಿ ಇತ್ತ ತಿರುಗಿದರು. ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಮುಂದಿಟ್ಟ ಮೇಲೆ ಮುದುಕ ಜೇಬಿನಿಂದ ಕೈ ಹೊರಗೆ ತೆಗೆದ. ಬಲಗೈ ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು. ಮೇಲೂ ಕೆಳಗೂ ರಕ್ತದ ಕಲೆ.

"ಏನಾಯ್ತು?"

"ಮುಂಗುಸಿ ಹಲ್ಲು ತಾಗಿತು."

"ಬದುಕಿರೋ ಮುಂಗುಸಿಯಾ?"

"ಸತ್ತದ್ದು. ದವಡೆ ಕೂರಿಸುವಾಗ ತಂತಿ ಜಾರಿ ಕಚ್ಚಿಕೊಂಡಿತು."

"ಯಾವಾಗ?"

"ನಿನ್ನೆ. ಮಧ್ಯಾಹ್ನ."

ತಿರುಪಕ್ಕನಿಗೆ ಎಲ್ಲ ಕಣ್ಣಿಗೆ ಕಟ್ಟಿದಂತಾಯಿತು. ತಂಗಿ ಚಿಕ್ಕವಳಿದ್ದಾಗಿನಿಂದ ಹಿಡಿದ ಕೈಯನ್ನು ಕಚ್ಚಿಬಿಡುವವಳು, ತನ್ನ ಮಣಿಕಟ್ಟಿನ ಮೇಲೇ ಅವಳ ಹಲ್ಲಿನ ಗುರುತು ಇನ್ನೂ ಇತ್ತು. ತೋರುಬೆರಳು ಕಲಿತದ್ದನ್ನು ಮಾಡಿದೆ, ಹೆಬ್ಬೆರಳು ಒತ್ತಲಾಗದೆ ಬಿಟ್ಟಿದೆ. ಸ್ಥಿರವಾದ ಆದರೆ ಮಸುಕಾದ ಫೋಟೋ ತೆಗೆಯಲು ಈ ಊರಿನಲ್ಲಿ ಇಂಥ ಕೈ ಇನ್ನೊಂದಿರಲಾರದು.

"ಅವಳೆಲ್ಲಿ?" ಎಂದಳು. ದನಿ ಅವಳಿಗೇ ಗುರುತು ಸಿಗಲಿಲ್ಲ. "ಎಲ್ಲಿಟ್ಟಿದ್ದೀರಿ ಹೇಳಿ. ನನಗೆ ಬೇರೇನೂ ಬೇಡ. ಕೇಸೂ ಬೇಡ. ಅವಳನ್ನ ಕೊಟ್ಟುಬಿಡಿ."

ಹತ್ತಿಮಾಮನ ಕಣ್ಣು ತುಂಬಿ ಬಂತು. ಅವನು ತಿರುಪಕ್ಕನನ್ನು ಬಿಟ್ಟು ಅವಳ ಹಿಂದಿನ ಗೋಡೆಯನ್ನು ನೋಡುತ್ತಿದ್ದ. ಅಲ್ಲಿ, ಕೋಣೆಯಷ್ಟು ದೊಡ್ಡ ಗಾಜಿನ ಗೂಡಿನಲ್ಲಿ, ನಾಲ್ಕು ತೋಳಗಳು ನಿಂತಿದ್ದವು. ಅವುಗಳ ಹಿಂದೆ ಗೋಡೆಯ ಮೇಲೆ ಬರೆದ ಕಾಡು.

"ನಾನು ತೋಳಗಳನ್ನ ಮುಟ್ಟಿಲ್ಲ," ಎಂದ.

ತೋಳಗಳ ಬಗ್ಗೆ ಯಾರೂ ಕೇಳಿರಲಿಲ್ಲ. ಮೊನ್ನೆ ಊಟದ ಹೊತ್ತಿಗೆ ತಂಗಿ ತಿರುಪಕ್ಕನಿಗೆ ಒಂದು ಮಾತು ಹೇಳಿದ್ದಳು. ಹೋದ ವಾರದ ಫೋಟೋದಲ್ಲಿ ತೋಳದ ತಲೆ ಗೋಡೆ ಕಡೆಗಿತ್ತು ಅಕ್ಕ, ಇವತ್ತು ನೋಡಿದರೆ ನನ್ನ ಕಡೆಗಿದೆ. ಆಗ ಇಬ್ಬರೂ ನಕ್ಕಿದ್ದರು. ಹಾಗಾದರೆ ಆ ಗೂಡಿನೊಳಗೆ ಯಾರೋ ಹೋಗಿ ಬರುತ್ತಿದ್ದರು.

"ಆ ಗೂಡಿಗೆ ಬಾಗಿಲೆಲ್ಲಿದೆ?" ಎಂದು ಕೇಳಿದಳು.

"ಹಿಂದಿನಿಂದ. ಬೀಗದ ಕೈ ನನ್ನ ಹತ್ತಿರ ಇಲ್ಲ."

"ಮತ್ತೆ ಯಾರ ಹತ್ತಿರ ಇದೆ?"

ಮುದುಕ ಬಾಯಿ ತೆರೆದ. ಅಷ್ಟರಲ್ಲಿ ಕ್ಯುರೇಟರ್ ಅವನ ಹೆಗಲ ಮೇಲೆ ಕೈಯಿಟ್ಟು ಬೇಸರದಿಂದ ಹೇಳಿದರು: "ಕಳೆದುಹೋಗಿ ವರ್ಷಗಳಾದವು. ಹತ್ತಿಮಾಮ, ಇನ್ನೂ ಯಾಕೆ? ನಿನ್ನ ಕೆಲಸದ ಮೇಜು ಎಷ್ಟುದ್ದ ಇದೆ ಹೇಳು. ಒಂದೂಕಾಲು ಮೀಟರಲ್ವಾ?"

ಹತ್ತಿಮಾಮ ಹೌದೆಂದು ತಲೆಯಾಡಿಸಿ ಬಾಯಿ ಮುಚ್ಚಿಕೊಂಡ.

ಇನ್‌ಸ್ಪೆಕ್ಟರನಿಗೆ ಅಷ್ಟು ಸಾಕಾಯಿತು. ಅವನು ಪೇದೆಗಳನ್ನು ಕರೆದು ನೆಲಮಾಳಿಗೆಯ ಕಪಾಟು, ಪೆಟ್ಟಿಗೆ, ಹತ್ತಿಯ ಮೂಟೆ ಒಂದೂ ಬಿಡದೆ ಬಿಚ್ಚಿಸಲು ಹೇಳಿದ. ತಾನೇ ಮುದುಕನ ರಟ್ಟೆ ಹಿಡಿದು ಮೆಟ್ಟಿಲಿನ ಕಡೆ ಹೊರಟ.

"ನಾನು ವಾಪಸ್ ಬರೋ ತನಕ ಗ್ಯಾಸ್ ಬಿಡಬಾರದು," ಎಂದ ಕ್ಯುರೇಟರಿಗೆ.

"ಖಂಡಿತ. ನಾನೇ ನಿಂತು ನೋಡಿಕೊಳ್ತೀನಿ."

"ಅಮ್ಮ, ನೀವೂ ಬನ್ನಿ."

ತಿರುಪಕ್ಕ ಹೊರಟವಳು ತೋಳಗಳ ಮುಂದೆ ನಿಂತಳು. "ನೀವು ನಡೀರಿ. ಒಂದು ನಿಮಿಷ," ಎಂದಳು.

* * *

ವಿದ್ಯುತ್ತು ಆಗಲೇ ಕಡಿದಿದ್ದರು. ಗೂಡಿನೊಳಗೆ ಕತ್ತಲು. ಗಾಜಿನ ಮೇಲೆ ಟೇಪು ಹಚ್ಚಿದ ಕಿಟಕಿಗಳ ಬೆಳಕು ಬಿದ್ದು ಒಳಗಿನದೇನೂ ಸರಿಯಾಗಿ ಕಾಣುತ್ತಿರಲಿಲ್ಲ. ಮುಂದಿನ ತೋಳದ ಮೂತಿ ಮಾತ್ರ ಕಾಣುತ್ತಿತ್ತು. ಅದು ತಂಗಿ ಹೇಳಿದಂತೆ ಹಜಾರದ ಕಡೆಗೇ ತಿರುಗಿತ್ತು.

ಹತ್ತಿಮಾಮ ಕೊನೆಗೆ ಮೆಟ್ಟಿಲ ಬಳಿ ತಿರುಗಿ ನೋಡಿದ ರೀತಿ ಅವಳ ಮನಸ್ಸಿಗೆ ಕಸಿವಿಸಿ ಮಾಡುತ್ತಿತ್ತು. ಸಿಕ್ಕಿಬಿದ್ದವನು ಹಾಗೆ ನೋಡುವುದಿಲ್ಲ. ಏನನ್ನೋ ಒಪ್ಪಿಸಿ ಹೋಗುವವನ ನೋಟ ಅದು.

ತಂಗಿ ಇಲ್ಲಿ ನಿಂತು ಏನು ನೋಡಿರಬಹುದು? ತಿರುಪಕ್ಕ ಹಗ್ಗ ದಾಟಿ, ಲೆನ್ಸಿನ ತುದಿಯನ್ನು ಗಾಜಿಗೆ ಒತ್ತಿ, ಕಣ್ಣನ್ನು ಕ್ಯಾಮೆರಾಕ್ಕೆ ಹಚ್ಚಿದಳು. ಪ್ರತಿಬಿಂಬಗಳು ಮಾಯವಾದವು. ಆದರೆ ಅವಳ ಕೈ ಹಿಡಿತಕ್ಕೆ ಸಿಗದೆ ನಡುಗುತ್ತಿತ್ತು. ಕಾಡೂ ತೋಳಗಳೂ ಒಟ್ಟಿಗೆ ಕುಣಿಯುತ್ತಿದ್ದವು. ಎಲ್ಲವೂ ಅಲುಗುವಾಗ ಯಾವುದು ಅಲುಗುತ್ತಿದೆ ಎಂದು ಹೇಗೆ ತಿಳಿಯುವುದು?

ಅವಳು ತೋರುಬೆರಳಿನಿಂದ ಗುಂಡಿಯನ್ನು ಅರ್ಧ ಒತ್ತಿದಳು. ಲೆನ್ಸು ಒಳಗೆ ಸಣ್ಣಗೆ ಗುರುಗುಟ್ಟಿತು. ಉಸಿರು ಬಿಟ್ಟಳು. ಒಂದು ಕ್ಷಣದಲ್ಲಿ ಕಾಡು ನಿಂತಿತು. ತೋಳಗಳು ನಿಂತವು. ಅವಳ ಕೈ ಇನ್ನೂ ನಡುಗುತ್ತಲೇ ಇತ್ತು, ಆದರೆ ಕಣ್ಣ ಮುಂದಿನ ಲೋಕ ಸದ್ದಿಲ್ಲದೆ ಹೆಪ್ಪುಗಟ್ಟಿತ್ತು.

ಒಂದು ಚೂರು ಮಾತ್ರ ನಿಲ್ಲಲಿಲ್ಲ.

ಗೋಡೆಯ ಮೇಲೆ ಬರೆದ ಮರವೊಂದರ ಕಾಂಡದಲ್ಲಿ, ಅಂಗೈ ಅಗಲದ ಒಂದು ಮಸುಕು ಕಲೆ ಇತ್ತು. ಅದು ಬೆಳ್ಳಗಾಗುತ್ತಿತ್ತು, ಕಪ್ಪಾಗುತ್ತಿತ್ತು, ಮತ್ತೆ ಬೆಳ್ಳಗಾಗುತ್ತಿತ್ತು. ಬಣ್ಣ ಹಾಗೆ ಮಾಡುವುದಿಲ್ಲ. ತಿರುಪಕ್ಕ ಕಣ್ಣು ಕಿರಿದು ಮಾಡಿದಳು. ಗೋಡೆಯ ಆಚೆಗೆ ಯಾರೋ ಒಂದು ಸೀಳಿಗೆ ಮುಖ ಒತ್ತಿಕೊಂಡಿದ್ದರು.

"ಪುಟ್ಟೀ," ಎಂದಳು. ಅವಳೂ ಹಾಗೆಯೇ ಕರೆಯುತ್ತಿದ್ದದ್ದು.

ಬಾಯಿ ಕಟ್ಟಿದ್ದರೇನೋ, ಕಲೆ ಅಲುಗಿತಷ್ಟೇ. ಅವಳೇ ಇರಬೇಕು. ಅವಳೇ ಆಗಿರಲಿ. ಒಂದು ಸಲ ಹೆಬ್ಬೆರಳು ಒತ್ತಿದರೆ ಮುಖ ಸ್ಪಷ್ಟವಾಗಿ ಕಾಣುತ್ತದೆ. ಒತ್ತಿದರೆ ಒಂದೂಕಾಲು ಮೀಟರಿನ ಗೆರೆ ಹೋಗಿಬಿಡುತ್ತದೆ, ಕೋರ್ಟಿನಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಅಷ್ಟರಲ್ಲೇ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಒಂದೂಕಾಲು ಮೀಟರು ಯಾರ ಮೇಜಿನ ಅಳತೆಯೂ ಆಗಬೇಕಾಗಿರಲಿಲ್ಲ. ಈ ಗೋಡೆಯ ಹಿಂದಿನ ಸಂದಿಯಲ್ಲಿ ನಿಂತವಳಿಗೆ ಎದುರು ಬಾಗಿಲಲ್ಲಿ ನಿಂತವನ ಮುಖ ಅಷ್ಟೇ ದೂರ.

ಹಜಾರದಲ್ಲಿ ಈಗ ಯಾವ ಸದ್ದೂ ಇರಲಿಲ್ಲ. ಏಣಿಯ ಮೇಲಿದ್ದವರನ್ನು ಯಾರೋ ಕೆಳಗೆ ಕಳಿಸಿದ್ದರು.

ಅವಳ ಕಿವಿಯ ಹತ್ತಿರ ರಬ್ಬರಿನ ವಾಸನೆ ಬಂತು. ಬೆನ್ನ ಹಿಂದಿನಿಂದ ಒಂದು ಕೈ ಬಂದು ಅವಳ ಕೈಯನ್ನು ಮೆಲ್ಲನೆ ಸುತ್ತಿಕೊಂಡಿತು. ಇಸ್ತ್ರಿ ಮುರಿಯದ ತೋಳು. ಅದರ ಹೆಬ್ಬೆರಳು ಒಮ್ಮೆಯೂ ತಡಕಾಡದೆ, ಕ್ಯಾಮೆರಾದ ಬೆನ್ನ ಮೇಲಿದ್ದ ಹತ್ತು ಗುಂಡಿಗಳಲ್ಲಿ ಸರಿಯಾದ ಗುಂಡಿಯ ಮೇಲೆ ಕೂತಿತು.

"ಹೆಬ್ಬೆರಳನ್ನೂ ಸೇರಿಸಬೇಕು, ಅಕ್ಕ," ಎಂದರು ಕ್ಯುರೇಟರ್. "ಅವಳು ನನಗೆ ಮೊದಲ ದಿನವೇ ಹೇಳಿಕೊಟ್ಟಿದ್ದಳು. ಗೇಟಿಗೆ ಬೇಕೆಂದೇ ಒತ್ತಲಿಲ್ಲ, ಹತ್ತಿಮಾಮನ ಹೆಬ್ಬೆರಳಿನ ಗಾಯ ನೋಡಿದ್ದೆ. ನೀವು ಮಾತ್ರ ಪರೀಕ್ಷೆ ಇಡೋಕೆ ಮೊದಲೇ ಉತ್ತರ ಹೇಳಿಬಿಟ್ಟಿರಿ."

ಗುಂಡಿ ಒಳಗೆ ಹೋಯಿತು. ಲೆನ್ಸು ಸರ್ರನೆ ತಿರುಗಿತು. ಕಾಂಡದ ಸೀಳಿನಲ್ಲಿ ತಂಗಿಯ ಕಣ್ಣು ರೆಪ್ಪೆಕೂದಲ ಸಮೇತ ಸ್ಪಷ್ಟವಾಗಿ ಮೂಡಿತು. ಅದು ಅಕ್ಕನನ್ನು ನೋಡುತ್ತಿರಲಿಲ್ಲ. ಅವಳ ಹೆಗಲ ಮೇಲಿಂದ ಹಿಂದಕ್ಕೆ, ಅವರು ಇನ್ನೊಂದು ಕೈಯಲ್ಲಿ ಅವಳ ತಲೆಗೆ ಗುರಿಯಿಟ್ಟು ಎತ್ತುತ್ತಿದ್ದುದನ್ನು ನೋಡು, ನೋಡು ಎಂದು ರೆಪ್ಪೆ ಬಡಿಯುತ್ತಿತ್ತು.